ಕಾಗೆ ಮುಟ್ಟಿದ ಓಟು

"ಸಟ್ಟುಗ ಕೆಳಗಿಡಾ ಬೇವರ್ಸಿ! ಅನ್ನಕ್ಕೆ ಕೈ ಹಾಕ್ಲಿಕ್ಕೆ ನಿಂಗೆ ಯಾರು ಹೇಳಿದ್ದು?"

ಅಂಗಾರ ಸಟ್ಟುಗವನ್ನು ಪಾತ್ರೆಯ ಅಂಚಿಗೆ ಒರಗಿಸಿ ಹಿಂದೆ ಸರಿದ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಡುಗೆಯವನು ಊರಿನಿಂದ ಫೋನು ಬಂತೆಂದು ಹೊರಗೆ ಹೋಗಿದ್ದ. ಬಿಸಿಲಲ್ಲಿ ಬೆಂದು ಬಂದವರು ಕಾಯುವುದನ್ನು ನೋಡಲಾಗದೆ ಅಂಗಾರ ಇಬ್ಬರಿಗೆ ಬಡಿಸಿದ್ದ, ಅಷ್ಟೆ. ಆ ಹೊತ್ತಿಗೇ ಕ್ಯಾಂಪ್ ಬಾಸ್ ಸರ್ವೋತ್ತಮನ ಸವಾರಿ ಮೆಸ್ಸಿನೊಳಗೆ ಬಂದಿತ್ತು.

"ದುಬಾಯಿಗೆ ಬಂದ್ರೆ ಜಾತಿ ವಿಮಾನದಲ್ಲೇ ಉಳೀತದೆ ಅಂತ ಎಣಿಸಿದಿಯಾ? ಕಕ್ಕಸು ತೊಳೆಯುವ ಕೈ ಅದು. ಆ ಕೈಯ ಅನ್ನ ಇವರೆಲ್ಲ ತಿನ್ಬೇಕಾ?"

"ತಪ್ಪಾಯ್ತು ಧಣಿ. ಲೈನು ಉದ್ದ ಇತ್ತು, ಹಾಗೆ..."

"ಹಾಗೂ ಇಲ್ಲ, ಹೀಗೂ ಇಲ್ಲ. ಎತ್ತು ಪಾತ್ರೆ. ಕಸಕ್ಕೆ ಹಾಕು. ಮುಟ್ಟಿದ್ದು ನೀನಲ್ವಾ, ನೀನೇ ಹಾಕು. ಯಲ್ಲಾ, ಬೇಗ!"

ಒಂದು ಪಾತ್ರೆ ಅನ್ನ, ಇನ್ನೂ ಹಬೆಯಾಡುತ್ತಿದ್ದ ಅನ್ನ, ಹಸಿದವರ ಕಣ್ಣೆದುರೇ ಕಸಕ್ಕೆ ಬಿತ್ತು. ಅವತ್ತು ಎಲ್ಲರೂ ಒಣ ಕುಬೂಸ್ ರೊಟ್ಟಿಯನ್ನು ಬೇಳೆಯ ನೀರಲ್ಲಿ ಅದ್ದಿ ತಿಂದರು. ಬಿಹಾರಿಗಳಿಗೂ ನೇಪಾಳಿಗಳಿಗೂ ಸರ್ವೋತ್ತಮ ಬೈದ ಭಾಷೆ ತಿಳಿಯಲಿಲ್ಲ. ಏಕೆ ಬೈದನೆಂಬುದು ಮಾತ್ರ ಚೆನ್ನಾಗಿ ತಿಳಿಯಿತು. ಅವರ ಊರುಗಳಲ್ಲೂ ಸರ್ವೋತ್ತಮರಿಗೇನೂ ಬರವಿರಲಿಲ್ಲ.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಕಾರ್ಖಾನೆಗಳ ಬೆನ್ನಿಗಿರುವ ಆ ಕ್ಯಾಂಪಿನಲ್ಲಿ ಕಂಪನಿ, ಪೊಲೀಸು, ದೇವರು ಮೂರೂ ಸರ್ವೋತ್ತಮನೇ. ಉಡುಪಿ ಕಡೆಯ ದೊಡ್ಡ ಮನೆಯವನು. ರೂಮಿನ ಎಸಿ ಅವನ ಕೈಯಲ್ಲಿ, ರಜೆ ಅವನ ಕೈಯಲ್ಲಿ, ಪಾಸ್‌ಪೋರ್ಟಿನ ಕಪಾಟಿನ ಕೀಲಿಕೈ ಅವನ ಸೊಂಟದಲ್ಲಿ. ಅಂಗಾರನೂ ಅದೇ ಸೀಮೆಯವನು, ಅದೇ ಅವನ ಗ್ರಹಚಾರ. ಬಿಹಾರಿಯ ಜಾತಿ ಸರ್ವೋತ್ತಮನಿಗೆ ಗೊತ್ತಾಗುತ್ತಿರಲಿಲ್ಲ, ಅಂಗಾರನದು ಹೆಸರು ಕೇಳಿದ ಕೂಡಲೇ ಗೊತ್ತಾಗಿತ್ತು. ಮಂಗಳವಾರ ಹುಟ್ಟಿದವ ಅಂಗಾರ, ಶುಕ್ರವಾರ ಹುಟ್ಟಿದವ ತುಕ್ರ. ಅವರ ಕಾಲನಿಗೆ ಹೆಸರಿಡಲು ಭಟ್ಟರು ಬರುತ್ತಿರಲಿಲ್ಲ, ಹುಟ್ಟಿದ ವಾರವೇ ಸಾಕಾಗುತ್ತಿತ್ತು. ಅಟ್ಟಣಿಗೆ ಕಟ್ಟುವ ಕೆಲಸಕ್ಕೆಂದು ಬಂದವನು ಕಾಲು ಮುರಿದುಕೊಂಡ ಮೇಲೆ ಸರ್ವೋತ್ತಮ ಅವನಿಗೆ ಪಾತ್ರೆ ತಿಕ್ಕುವ, ಕಕ್ಕಸು ತೊಳೆಯುವ ಕೆಲಸ ಕೊಟ್ಟ. "ನಿಮ್ಮವರಿಗೆ ಇದು ಕಲಿಸ್ಬೇಕಾಗಿಲ್ಲಲ್ಲ" ಎಂದೂ ಹೇಳಿದ.

ತುಕ್ರ ಅಂಗಾರನ ತಂಗಿ ಜಲಜಾಕ್ಷಿಯ ಗಂಡ. ಅಂಗಾರನ ಬೆನ್ನು ಹಿಡಿದು ಇದೇ ಕ್ಯಾಂಪಿಗೆ ಬಂದು, ಗೋದಾಮುಗಳ ಮಾಡಿಗೆ ತಗಡಿನ ಶೀಟು ಹೊದಿಸುತ್ತಿದ್ದ. ಬೇಸಗೆಯ ನಡು ಮಧ್ಯಾಹ್ನ ಬಯಲಲ್ಲಿ ಕೆಲಸ ಮಾಡಿಸಬಾರದೆಂದು ಈ ದೇಶದಲ್ಲಿ ಕಾನೂನೇ ಇದೆ. ಕಾನೂನು ನೆಲದ ಮೇಲಿತ್ತು, ತುಕ್ರ ಮಾಡಿನ ಮೇಲಿದ್ದ. ಆಗಸ್ಟಿನ ಒಂದು ಮಧ್ಯಾಹ್ನ ತಲೆ ತಿರುಗುತ್ತದೆ ಎಂದು ಏಣಿಯ ಹತ್ತಿರ ಬಂದವನನ್ನು ಟೈಮ್‌ಕೀಪರ್ ಸುಮಿತ್ ಇಳಿಯಲು ಬಿಡಲಿಲ್ಲ. "ಆ ಸಾಲು ಮುಗಿಸಿ ಇಳಿಯಾ" ಎಂದ. ತುಕ್ರ ಕಾದ ಶೀಟಿನ ಮೇಲೆಯೇ ಮಗುಚಿ ಬಿದ್ದ.

ಸುಮಿತ್ ಸರ್ವೋತ್ತಮನ ಅಕ್ಕನ ಮಗ. ಆ ಮನೆತನದಲ್ಲಿ ಇನ್ನೂ ಹಳೆಯ ಅಳಿಯ ಸಂತಾನದ ಕ್ರಮ. ಮಗನಿಗಿಂತ ಅಳಿಯ ಮೇಲು. ಮಾವನ ಗತ್ತಿಗೆ ವಾರಸುದಾರನೂ ಅಳಿಯ, ಮಾವ ಸತ್ತರೆ ಮುಂದೆ ನಿಲ್ಲುವವನೂ ಅಳಿಯ. ಅಂಥ ಅಳಿಯ ಒಬ್ಬ ತುಕ್ರನ ಸಲುವಾಗಿ ಜೈಲಿಗೆ ಹೋಗುವುದುಂಟೆ?

ಅಂಗಾರ ಅವತ್ತು ರೂಮುಗಳ ಓಣಿ ಒರೆಸುತ್ತಿದ್ದ. ಸುಮಿತನೂ ವಾಚ್‌ಮನ್ನೂ ತುಕ್ರನನ್ನು ಹೊತ್ತು ತಂದು ಮಂಚದ ಮೇಲೆ ಹಾಕಿದ್ದನ್ನು ಕಣ್ಣಾರೆ ಕಂಡ. ತುಕ್ರನ ಕಾಲಲ್ಲಿ ಸೇಫ್ಟಿ ಬೂಟು ಹಾಗೆಯೇ ಇತ್ತು. ನಿದ್ದೆಯಲ್ಲಿ ಸಾಯುವವನು ಬೂಟು ಹಾಕಿ ಮಲಗುವುದಿಲ್ಲವೆಂದು ಹಿಂದೆಯೇ ಬಂದ ಸರ್ವೋತ್ತಮನಿಗೆ ಹೊಳೆದಿರಬೇಕು, ತಾನೇ ಬಗ್ಗಿ ಬೂಟು ಬಿಚ್ಚಿದ. ಅಂಥವನ ಕಾಲನ್ನು ಅವನು ಜೀವಮಾನದಲ್ಲಿ ಮುಟ್ಟಿದ್ದು ಅದೇ ಮೊದಲು. ಕಂಬಳಿ ಹೊದಿಸಿ, ಎಸಿ ಜೋರು ಮಾಡಿ, ಬಾಗಿಲಲ್ಲಿದ್ದ ಅಂಗಾರನ ಕಡೆ ತಿರುಗಿದ.

"ನಿದ್ದೆಯಲ್ಲಿ ಹೋದ, ಪಾಪ. ಹಾರ್ಟು. ನೀನು ಎಂತ ನೋಡಿದ್ದು?"

ಅಂಗಾರ ಬಿಚ್ಚಿಟ್ಟ ಬೂಟನ್ನೇ ನೋಡುತ್ತಿದ್ದ.

"ಕೇಳಿದ್ದಕ್ಕೆ ಹೇಳಾ. ತಂಗಿಗೆ ಹೆಣ ಬೇಕಾ, ಬೇಡ್ವಾ? ಊರಿಗೆ ಕಳಿಸುದೂ ನಾನೇ, ಇಲ್ಲೇ ಮಣ್ಣು ಮಾಡಿಸುದೂ ನಾನೇ."

"ಎಂತ ನೋಡ್ಲಿಲ್ಲ ಧಣಿ."

"ಹಾಂ. ಖಲಾಸ್."

ಹೆಣ ಊರು ಸೇರಿತು. ಬೊಜ್ಜದ ದಿನ, ಉತ್ತರಕ್ರಿಯೆಗೆ, ಬಾಳೆಲೆಯಲ್ಲಿ ಎಳ್ಳು ಬೆರೆಸಿದ ಅನ್ನ ಇಟ್ಟು ಮನೆಯವರೆಲ್ಲ ಕಾ ಕಾ ಎಂದು ಕರೆದರಂತೆ. ಕಾಗೆ ಗೋಡೆಯ ಮೇಲೆ ಕೂತು ಕತ್ತು ವಾಲಿಸಿ ನೋಡಿತೇ ಹೊರತು ಕೆಳಗೆ ಇಳಿಯಲಿಲ್ಲ. ಸತ್ತವನಿಗೆ ಏನಾದರೂ ಬಾಕಿ ಉಳಿದಿದ್ದರೆ ಕಾಗೆ ಅನ್ನ ಮುಟ್ಟುವುದಿಲ್ಲ. ಇದು ಗೊತ್ತಿಲ್ಲದ ಮಗು ಆ ಸೀಮೆಯಲ್ಲಿಲ್ಲ.

"ಅಣ್ಣಾ, ಮುಟ್ಲೇ ಇಲ್ಲ," ಎಂದು ಜಲಜಾಕ್ಷಿ ಫೋನಿನಲ್ಲಿ ಅತ್ತಳು. "ಅವ್ರಿಗೆ ಇಷ್ಟದ ಒಣಮೀನು ಇಟ್ಟೆ. ಮಕ್ಕಳ್ನ ಓದಿಸ್ತೇನೆ ಅಂತ ಆಣೆ ಹಾಕಿದೆ. ಆದ್ರೂ ಮುಟ್ಲಿಲ್ಲ. ಎಂತ ಬಾಕಿ ಉಂಟು ಅಣ್ಣ ಅವ್ರಿಗೆ? ನಿಮ್ಮತ್ರ ಎಂತಾದ್ರೂ ಹೇಳಿದ್ರಾ?"

"ಮಳೆಗೆ ಕಾಗೆ ಇಳೀಲಿಕ್ಕಿಲ್ಲ ಮಗಾ," ಎಂದ ಅಂಗಾರ.

ಬಾಕಿ ಏನೆಂದು ಅವನಿಗೆ ಗೊತ್ತಿತ್ತು. ತುಕ್ರ ಎಲ್ಲಿ ಸತ್ತನೆಂಬುದು ನಾಲ್ಕು ಜನರ ಎದುರು ಹೊರಗೆ ಬರಬೇಕು, ಆ ಬೂಟು ಬಿಚ್ಚಿದ ಕೈ ಎಲ್ಲರೆದುರು ನಡುಗಬೇಕು. ಆಮೇಲೆ ತನ್ನ ವೀಸಾ ಹರಿದರೂ ಹರಿಯಲಿ ಎಂದು ಅವನು ಪಾತ್ರೆ ತಿಕ್ಕುತ್ತ ಹಲ್ಲು ಕಚ್ಚುತ್ತಿದ್ದ.

ಗುತ್ತಿಗೆ ಕೊಟ್ಟ ದೊಡ್ಡ ಕಂಪನಿಯವರಿಗೆ ಸಾವಿನ ಸುದ್ದಿ ಹೇಗೋ ಮುಟ್ಟಿತು. ಅಲ್ಲಿಂದ ಒಬ್ಬಳು ಬಿಳಿ ಮೇಡಂ ಬಂದಳು. ಮಾತು ದಾಟಿಸಲು ಜೊತೆಗೆ ಅಶ್ಮಿತಾ. ಮಂಗಳೂರಿನವರ ಮಗಳು, ಬೆಳೆದದ್ದೆಲ್ಲ ದುಬೈ ಪೇಟೆಯ ಕರಾಮದ ಫ್ಲ್ಯಾಟಿನಲ್ಲಿ. ಅವರು ಮೆಸ್ಸಿನ ಗೋಡೆಗೆ ಎರಡು ಹಾಳೆ ಅಂಟಿಸಿದರು. ಒಂದರಲ್ಲಿ ನಗುವ ಮುಖ, ಇನ್ನೊಂದರಲ್ಲಿ ಅಳುವ ಮುಖ. ಕ್ಯಾಂಪಿನ ಬಗ್ಗೆ ನಿಮ್ಮ ಅಭಿಪ್ರಾಯ ಯಾವುದೋ ಅಲ್ಲೊಂದು ಬಣ್ಣದ ಬೊಟ್ಟು ಅಂಟಿಸಿ ಎಂದರು. ಹಾಳೆಗಳ ಪಕ್ಕದಲ್ಲೇ ಸುಮಿತ್ ಕೈಕಟ್ಟಿ ನಿಂತಿದ್ದ. ನಗುವ ಮುಖ ಬೊಟ್ಟುಗಳಡಿಯಲ್ಲಿ ಮುಚ್ಚಿಯೇ ಹೋಯಿತು. ಅಳುವ ಮುಖಕ್ಕೆ ಒಂದೂ ಬೀಳಲಿಲ್ಲ.

ಮೇಡಂ ದಡ್ಡಿಯಲ್ಲ. ಇಷ್ಟು ಸುಖದ ಕ್ಯಾಂಪನ್ನು ಅವಳು ಎಲ್ಲೂ ನೋಡಿರಲಿಲ್ಲವಂತೆ. ಹಾಗಾದರೆ ಕೆಲಸಗಾರರೇ ಓಟು ಹಾಕಿ ಒಬ್ಬ ಪ್ರತಿನಿಧಿಯನ್ನು ಆರಿಸಲಿ, ತುಕ್ರನ ಸಾವಿನ ಬಗ್ಗೆ ಅವನು ತನ್ನೆದುರು ಮಾತಾಡಲಿ, ಅವನು ಹೇಳಿದ್ದೇ ಕ್ಯಾಂಪಿನ ಮಾತು ಎಂದು ಹೇಳಿ ಹೋದಳು.

ಮರುದಿನ ಸರ್ವೋತ್ತಮ ಎಲ್ಲರನ್ನೂ ಮೆಸ್ಸಿನಲ್ಲಿ ಸೇರಿಸಿ, ಎಲ್ಲರಿಗೂ ತಿಳಿಯುವಂತೆ ಹಿಂದಿಯಲ್ಲಿ ಹೇಳಿದ.

"ಅರಬಿಗಳಿಗೆ ಮೊನ್ನೆ ಓಟಾಯ್ತು. ರಸ್ತೆಯಲ್ಲಿ ಫೋಟೋ ನೋಡಿದ್ರಲ್ಲ? ಅವರಲ್ಲೂ ಎಲ್ರಿಗೂ ಓಟಿಲ್ಲ, ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ. ನಾನು ನಿಮಗೆ ಎಲ್ರಿಗೂ ಕೊಡ್ತಾ ಇದ್ದೇನೆ. ಸುಮಿತ್ ನಿಲ್ತಾನೆ. ಒಬ್ಬನೇ ನಿಂತ್ರೆ ಮೇಡಮ್ಮಿಗೆ ಸಂಶಯ. ಏ ಆನ್ಸೆಲ್ಮ್, ನೀನೂ ನಿಲ್ಲು."

ಎಸಿ ಮೆಕ್ಯಾನಿಕ್ ಆನ್ಸೆಲ್ಮ್ ಗಾಬರಿಯಿಂದ ಎದ್ದ. "ನಾನು ಎಂತಕ್ಕೆ ಸರ್?"

"ಸೋಲ್ಲಿಕ್ಕೆ."

ಜನ ನಕ್ಕರು. ಯಾರು ನಗುತ್ತಿಲ್ಲವೆಂದು ಸುಮಿತ್ ನೋಡುತ್ತಿದ್ದ, ಹಾಗಾಗಿ ಆನ್ಸೆಲ್ಮನೂ ನಕ್ಕ.

"ಇನ್ನು ಕೇಳಿ. ಚೀಟಿಯಲ್ಲಿ ಇಬ್ಬರದ್ದೂ ಫೋಟೋ ಇರ್ತದೆ. ಸುಮಿತನ ಫೋಟೋಕ್ಕೆ ಗೀಟು ಹಾಕುದು. ಗೀಟು ಹಾಕಿದ ಚೀಟಿಯನ್ನು ಮೊಬೈಲಲ್ಲಿ ತೆಗೆದು ಅಲ್ಲಿಂದಲೇ ಸುಮಿತನ ವಾಟ್ಸಾಪಿಗೆ ಹಾಕುದು. ಮತ್ತೆ ಮಡಚಿ ಡಬ್ಬಿಗೆ. ಯಾವನ ಫೋಟೋ ಬರುದಿಲ್ವೋ ಅವನ ರೂಮಿಗೆ ಎಸಿ ಇಲ್ಲ. ಯಾವನಾದ್ರೂ ಆನ್ಸೆಲ್ಮನಿಗೆ ಗೀಟು ಎಳೆದ್ರೆ ಇಡೀ ರೂಮಿನ ವೀಸಾ ಖಲಾಸ್. ಗೊತ್ತಾಯ್ತಾ ಸೂಳೆಮಕ್ಕಳೇ?"

ಊರಲ್ಲಿ ಓಟಿನ ದಿನ ಇಂಥವರದೇ ಜೀಪು ಕಾ‍ಲನಿಯ ಬಾಯಿಗೆ ಬಂದು ನಿಲ್ಲುತ್ತಿದ್ದುದು ಅಂಗಾರನಿಗೆ ನೆನಪಾಯಿತು. ಅವನ ಅಪ್ಪ ಅವರ ಜೀಪಿನಲ್ಲೇ ಹೋಗಿ, ಅವರ ಸಾರಾಯಿಯನ್ನೇ ಕುಡಿದು, ಪರದೆಯ ಹಿಂದೆ ತನಗೆ ಬೇಕಾದವರಿಗೆ ಒತ್ತಿ ಬರುತ್ತಿದ್ದ. ಇಲ್ಲಿ ಪರದೆಯ ಹಿಂದಕ್ಕೂ ಸುಮಿತನ ಕಣ್ಣು ಬರುತ್ತಿತ್ತು.

ಸಂಜೆ ಪಾತ್ರೆ ತಿಕ್ಕುವ ಕಟ್ಟೆಯ ಹತ್ತಿರ ಆನ್ಸೆಲ್ಮ್ ಬಂದ. ಜೊತೆಗೆ ಬಿಹಾರಿನ ರಾಮ್‌ಬಿಲಾಸ್. ಮಾಡಿನ ಮೇಲೆ ತುಕ್ರನ ತಲೆಯನ್ನು ತೊಡೆಯಲ್ಲಿಟ್ಟುಕೊಂಡು ನೀರಿಗಾಗಿ ಕೂಗಿದವನು ಅವನೇ.

"ದಮ್ಮಯ್ಯ, ನಂಗೆ ಓಟು ಹಾಕ್ಬೇಡಿ ಮಾರಾಯ್ರೆ," ಎಂದ ಆನ್ಸೆಲ್ಮ್. "ಗೆದ್ರೆ ಮರುದಿನವೇ ನಂಗೆ ವಿಮಾನ."

"ನಿಂಗೆ ಯಾರು ಹಾಕ್ತಾರೆ?" ಅಂಗಾರ ತಲೆ ಎತ್ತದೆ, ಇಬ್ಬರಿಗೂ ತಿಳಿಯಲೆಂದು ಹಿಂದಿಯಲ್ಲಿ ಹೇಳಿದ. "ಸುಮಿತನಿಗೇ ಹಾಕುವ. ಎಲ್ರೂ. ಒಂದೂ ತಪ್ಪಬಾರ್ದು."

ರಾಮ್‌ಬಿಲಾಸ್ ನೆಲಕ್ಕೆ ಉಗಿದ. "ನಿನ್ನ ತಂಗಿಯ ತಾಳಿ ಹರಿದವನಿಗಾ?" ಎಂದು ಸಿಡಿದ.

"ಪೂರ್ತಿ ಕೇಳು. ನಿಮ್ಮೂರಲ್ಲಿ ಸತ್ತವರಿಗೆ ಎಂತ ಇಡ್ತೀರಿ?"

"ಪಿಂಡ," ಎಂದ ರಾಮ್‌ಬಿಲಾಸ್.

"ಚೀಟಿಯಲ್ಲಿ ಸುಮಿತನ ಫೋಟೋ ಉಂಟಲ್ಲ. ಗೀಟು ಹಾಕುವ, ಫೋಟೋ ತೆಗೆದು ಕಳಿಸುವ. ಮತ್ತೆ ಅದೇ ಚೀಟಿಯಲ್ಲಿ ಅನ್ನದ ಉಂಡೆ ಕಟ್ಟಿ ಡಬ್ಬಿಗೆ ಹಾಕುವ. ಯಾರು ಹಾಕಿದ್ದು ಅಂತ ಹೇಗೆ ಹಿಡೀತಾನೆ? ಎಲ್ಲರ ಫೋಟೋನೂ ಅವನ ಮೊಬೈಲಲ್ಲೇ ಸರಿ ಇರ್ತದೆ."

ರಾಮ್‌ಬಿಲಾಸನ ಮುಖ ನಿಧಾನಕ್ಕೆ ಅರಳಿತು. ಆನ್ಸೆಲ್ಮ್ ಮಾತ್ರ ಎದೆಯ ಮೇಲೆ ಶಿಲುಬೆ ಎಳೆದುಕೊಂಡ. "ಬದುಕಿದವನ ಹೆಸರಲ್ಲಿ ಪಿಂಡವಾ! ಪಾಪ ಬರ್ತದೆ ಅಂಗಾರ."

"ಬರ್ಲಿ. ಹೆಣದ ಬೂಟು ಬಿಚ್ಚಿದವನಿಗೆ ಬಾರದ ಪಾಪ ನಂಗೇ ಬರುದಾದ್ರೆ ಬರ್ಲಿ."

ಆನ್ಸೆಲ್ಮ್ ತೊಳೆದ ತಟ್ಟೆಯೊಂದನ್ನು ಎತ್ತಿ ಬದಿಗಿಟ್ಟ. "ನಮ್ಮಲ್ಲಿ ಸತ್ತವರಿಗೆ ಮೇಣದ ಬತ್ತಿ. ಡಬ್ಬಿಗೆ ಬತ್ತಿ ಹಾಕ್ಲಿಕ್ಕೆ ಆಗುದಿಲ್ಲಲ್ಲ. ನಂಗೂ ಒಂದು ಉಂಡೆ ಇಡು," ಎಂದ. ಹೋಗುವಾಗ ತಿರುಗಿ ನಿಂತ. "ಡಬ್ಬಿಗೆ ತೂತು ಕೊರೀಲಿಕ್ಕೆ ನಂಗೇ ಹೇಳಿದ್ದಾನೆ. ಪೈಪು ಹೋಗುವಷ್ಟು ದೊಡ್ಡದು ಮಾಡ್ತೇನೆ, ಆಯ್ತಾ?"

ಶುಕ್ರವಾರ, ತುಕ್ರನ ವಾರ, ಓಟಿನ ದಿನ. ಪಾತ್ರೆ ತಿಕ್ಕುವವನಿಗೆ ತಳದ ಅನ್ನ ಕೆರೆಯಲು ಯಾರ ಅಪ್ಪಣೆಯೂ ಬೇಡ. ಅಂಗಾರ ಹಿಂದಿನ ದಿನದ ಅನ್ನಕ್ಕೆ ಕರಾಮದ ಅಂಗಡಿಯಿಂದ ತರಿಸಿದ ಕರಿ ಎಳ್ಳು ಬೆರೆಸಿ, ಮುಷ್ಟಿಯಲ್ಲಿ ಅಡಗುವಂಥ ಉಂಡೆ ಕಟ್ಟಿದ. ಕಕ್ಕಸಿನ ಬಕೆಟಿನಂಥದೇ ಒಂದು ಹೊಸ ಬಕೆಟಿನಲ್ಲಿ ತುಂಬಿ, ಮೇಲೆ ನೆಲ ಒರೆಸುವ ಬಟ್ಟೆ ಹೊದಿಸಿ, ರೂಮಿಂದ ರೂಮಿಗೆ ಹೊರಟ. ಅವನು ಕಟ್ಟಿದ ಉಂಡೆಯನ್ನು ಯಾರೂ ಬೇಡವೆನ್ನಲಿಲ್ಲ. ತುಕ್ರನ ರೂಮಿನಲ್ಲಿದ್ದ ಬಾಂಗ್ಲಾದ ಮುದುಕ ನೂರುಲ್, "ಇದು ನಮ್ಮಲ್ಲಿಲ್ಲ. ಆದರೆ ಅವನು ನನ್ನ ಮೇಲಿನ ಮಂಚದವನು" ಎಂದು ಎರಡು ಕೈ ಒಡ್ಡಿದ.

ಓಣಿಯ ತಿರುವಿನಲ್ಲಿ ಸರ್ವೋತ್ತಮ ಎದುರಾದ. ಇಸ್ತ್ರಿ ಅಂಗಿ, ಹಣೆಗೆ ಗಂಧ.

"ಎಂತದಾ ಅದು ಬಕೆಟಲ್ಲಿ?"

ಅಂಗಾರ ಬಕೆಟನ್ನು ಮುಂದೆ ಚಾಚಿದ. "ಕಕ್ಕಸಿಂದು ಧಣಿ. ಮೇಡಂ ಬರ್ತಾರಲ್ಲ ಅಂತ ಎಲ್ಲ ತೊಳ್ದೆ. ನೋಡ್ತೀರಾ?"

ಸರ್ವೋತ್ತಮ ಕರ್ಚೀಫು ಮೂಗಿಗೊತ್ತಿ ಗೋಡೆಗೆ ಅಂಟಿಕೊಂಡ. "ಥೂ! ದೂರ ಹೋಗಾ ನಾಯಿ. ಮೈಗೆ ತಾಗಿಸ್ಬೇಡ."

ಅಂಗಾರ ದೂರ ಹೋದ. ಅಜ್ಜನ ಕಾಲದಿಂದ ಬೆನ್ನು ಹತ್ತಿದ್ದ ಆ ಹೇಸಿಗೆ ಅವತ್ತು ಮೊದಲ ಸಲ ಅವನ ಉಪಯೋಗಕ್ಕೆ ಬಿತ್ತು.

ಮಧ್ಯಾಹ್ನ ಓಟು ಶುರುವಾಯಿತು. ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಮರೆ ಮಾಡಿದ್ದರು. ಮರೆಯ ಆಚೆ ಪೈಂಟಿನ ದೊಡ್ಡ ಡಬ್ಬಿ. ಮೇಡಂ, ಅಶ್ಮಿತಾ, ಸರ್ವೋತ್ತಮ ಮೂವರೂ ಎದುರಿನ ಕುರ್ಚಿಗಳಲ್ಲಿ. ಒಬ್ಬೊಬ್ಬನೇ ಮರೆಗೆ ಹೋಗಿ ಬರುವಾಗ ಸುಮಿತನ ಜೇಬಿನ ಮೊಬೈಲು ಟಿಂಗ್ ಎನ್ನುತ್ತಿತ್ತು. ಟಿಂಗ್ ಎಂದಾಗಲೆಲ್ಲ ಅವನು ತೆಗೆದು ನೋಡಿ ಮಾವನಿಗೆ ಹುಬ್ಬು ಹಾರಿಸುತ್ತಿದ್ದ. ಕೊನೆಗೆ ಡಬ್ಬಿಯನ್ನು ಎತ್ತಿ ತಂದವನೂ ಅವನೇ.

"ಓಟು ಎಂತ ಭಾರ ಮಾವ!" ಎಂದು ನಕ್ಕ.

"ಮೇಡಂ, ಎಲ್ಲರೂ ಖುಷಿಯಿಂದ ಹಾಕಿದ್ದಾರೆ," ಎಂದ ಸರ್ವೋತ್ತಮ.

ಸುಮಿತ್ ಮುಚ್ಚಳ ತೆಗೆದು ಕೈ ಹಾಕಿದ. ಮೊದಲನೆಯ ಪೊಟ್ಟಣ ಬಿಚ್ಚಿದಾಗ ತನ್ನದೇ ಫೋಟೋ, ಪಕ್ಕದಲ್ಲಿ ಗೀಟು, ಮುಖಕ್ಕೆ ಅಂಟಿದ ಅನ್ನ. "ಯಾವನೋ ಊಟದ ಕೈಯಲ್ಲೇ ಬಂದಿದ್ದಾನೆ" ಎಂದ. ಎರಡನೆಯದು ಬಿಚ್ಚಿದ. ಮೂರನೆಯದು ಬಿಚ್ಚುವಾಗ ನಗು ನಿಂತಿತ್ತು. ಡಬ್ಬಿಯನ್ನು ಮೇಜಿನ ಮೇಲೆ ಕವುಚಿದ. ಕರಿ ಎಳ್ಳಿನ ಬಿಳಿ ಉಂಡೆಗಳು ಅವನ ನಗುಮುಖ ಸುತ್ತಿಕೊಂಡು ಮೇಜಿನ ತುಂಬ ಉರುಳಿದವು.

ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು. "ಮುಟ್ಬೇಡ!" ಸರ್ವೋತ್ತಮ ಕಿರುಚಿದ. "ಸುಮಿ, ಮುಟ್ಬೇಡ ಅದನ್ನ! ಕೈ ತೆಗೀ!"

ಮುಟ್ಟಬೇಡ ಎಂಬ ಮಾತು ಆ ಬಾಯಿಂದ ಅಂಗಾರ ಎಷ್ಟು ಸಲ ಕೇಳಿದ್ದನೋ. ಆದರೆ ಅದರೊಳಗೆ ಹೆದರಿಕೆ ಕೇಳಿದ್ದು ಅವತ್ತೇ. ಅವನಿಗೆ ಹೊಟ್ಟೆ ತಂಪಾಯಿತು.

ಇದೇನೆಂದು ಮೇಡಂ ಕೇಳಿದಳು. "ಪ್ರಸಾದ ಮೇಡಂ, ಪ್ರಸಾದ. ಗೆದ್ದವನಿಗೆ ಕೊಡುವ ಕ್ರಮ," ಎಂದು ಸರ್ವೋತ್ತಮ ತಡವರಿಸಿದ.

ಅಶ್ಮಿತಾ ಬಗ್ಗಿ ನೋಡಿದಳು. "ಇದು ಪ್ರಸಾದ ಅಲ್ಲ ಅಂಕಲ್," ಎಂದಳು ಮೆಲ್ಲಗೆ. "ಅಜ್ಜ ಹೋದಾಗ ನಮ್ಮಲ್ಲೂ ಇಟ್ಟಿದ್ರು." ಮತ್ತೆ ಮೇಡಂ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು, ಇದು ಸತ್ತವರಿಗೆ ಇಡುವ ಅನ್ನ ಎಂದು.

"ಯಾರು ಸತ್ತದ್ದು?" ಎಂದು ಮೇಡಂ ಕೇಳಿದಳು. ಅಶ್ಮಿತಾ ಅದನ್ನೇ ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು.

ಹಿಂದಿನ ಬೆಂಚಿನಿಂದ ನೂರುಲ್ ಮುದುಕನ ದನಿ ಬಂತು: "ತುಕ್ರ." ಇನ್ನೊಂದು ಮೂಲೆಯಿಂದ, "ತುಕ್ರ." ಆಮೇಲೆ ಯಾರ ಬಾಯೆಂದು ಹೇಳಲಾಗದಂತೆ ಎಲ್ಲ ಕಡೆಯಿಂದಲೂ ಅದೊಂದೇ ಹೆಸರು.

"ಎಲ್ಲಿ ಸತ್ತದ್ದು?"

ರಾಮ್‌ಬಿಲಾಸ್ ತೋರುಬೆರಳು ಎತ್ತಿ ಮೆಸ್ಸಿನ ತಗಡಿನ ಮಾಡನ್ನು ತೋರಿಸಿದ. ಅವನ ಪಕ್ಕದವನು ಎತ್ತಿದ. ಬೆಂಚಿನಿಂದ ಬೆಂಚಿಗೆ ಬೆರಳುಗಳು ಎದ್ದವು. ಆನ್ಸೆಲ್ಮನದು ಕೊನೆಗೆ ಎದ್ದಿತು, ಆದರೆ ಎದ್ದಿತು.

"ದೇವರ ಹತ್ರ ಹೋದ ಅಂತಾರೆ ಮೇಡಂ. ಮೇಲೆ, ಮೇಲೆ," ಎಂದು ಸರ್ವೋತ್ತಮ ಬಡಬಡಿಸಿದ.

"ದೇವರ ಹತ್ರ ಅಲ್ಲ," ಎಂದು ಅಂಗಾರ ಬಾಗಿಲಿನಿಂದ ಮುಂದೆ ಬಂದ. ಕೈಯಲ್ಲಿ ನೆಲ ಒರೆಸುವ ಬಟ್ಟೆ ಇನ್ನೂ ಇತ್ತು. "ಶೀಟಿನ ಮೇಲೆ. ಮಧ್ಯಾಹ್ನ. ಇಳೀಲಿಕ್ಕೆ ಬಿಡದವ ಈ ಸುಮಿತ. ಮಂಚದಲ್ಲಿ ಹಾಕುವಾಗ ಕಾಲಲ್ಲಿ ಬೂಟಿತ್ತು. ಬಿಚ್ಚಿದ್ದು ಆ ಕೈ. ನಾನು ನೋಡಿದ್ದೇನೆ."

"ನಿನ್ನ ಅಪ್ಪನ... ಬಾಯಿ ಮುಚ್ಚಾ! ನಾಳೆಯೇ ನಿನ್ನ ವೀಸಾ..."

"ಖಲಾಸ್," ಎಂದ ಅಂಗಾರ. "ಗೊತ್ತುಂಟು. ಅಕ್ಕಾ, ನೀವು ಅವರಿಗೆ ಹೇಳಿ."

ಅಶ್ಮಿತಾ ಸರ್ವೋತ್ತಮನನ್ನು ಒಮ್ಮೆ ನೋಡಿದಳು. ಮತ್ತೆ ಮೇಡಮ್ಮಿನ ಕಿವಿಯ ಹತ್ತಿರ ಬಗ್ಗಿ ಹೇಳತೊಡಗಿದಳು. ಬೇಗ ಮುಗಿಯುವ ಮಾತಾಗಿರಲಿಲ್ಲ ಅದು.

ಸರ್ವೋತ್ತಮನಿಗೆ ಏನು ತೋಚಿತೋ, ಎರಡೂ ಕೈಯಿಂದ ಉಂಡೆಗಳನ್ನು ಬಾಚಿ ಡಬ್ಬಿಗೆ ತುಂಬಿ ಹೊರಗೆ ಓಡಿದ. ಕಸದ ತೊಟ್ಟಿಯವರೆಗೂ ಹೋಗುವ ತಾಳ್ಮೆ ಇರಲಿಲ್ಲ, ಅಂಗಳದಲ್ಲೇ ಸುರಿದ. ಸುರಿದ ಮೇಲೆ ಅವನಿಗೆ ಹೊಳೆಯಿತು, ತಾನು ಮಾಡಿದ್ದೇನೆಂದು. ಬಯಲಲ್ಲಿ, ಬರಿತಲೆಯಲ್ಲಿ, ತನ್ನ ಕೈಯಾರೆ ಅಳಿಯನ ಹೆಸರಿನ ಅನ್ನ ಇಟ್ಟಿದ್ದ. ಕಾಂಪೌಂಡಿನ ಗೋಡೆಯ ಮೇಲೆ ಕಸದ ತೊಟ್ಟಿಯ ಕಾಗೆಗಳು ಸಾಲಾಗಿ ಕೂತಿದ್ದವು.

"ಹೋ! ಹೋ!" ಸರ್ವೋತ್ತಮ ಎರಡೂ ಕೈ ಬೀಸಿ ಕಾಗೆ ಓಡಿಸತೊಡಗಿದ. ಕ್ಯಾಂಪಿಗೆ ಕ್ಯಾಂಪೇ ಹೊರಗೆ ಬಂದು ನಿಂತು ನೋಡಿತು. ಮೇಡಮ್ಮೂ ಬಂದಳು. ಮೆಸ್ಸಿನ ಮೆಟ್ಟಿಲಲ್ಲಿ ಸುಮಿತ್ ಅಂಟಿದ ಅನ್ನವನ್ನು ಪ್ಯಾಂಟಿಗೆ ಉಜ್ಜುತ್ತಲೇ ಇದ್ದ.

ಅಂಗಾರ ಅಂಗಳದ ನಡುವಿಗೆ ಹೋಗಿ ಕೈ ಬಾಯಿಗೆ ಹಿಡಿದ.

"ಕಾ... ಕಾ..."

"ಕರೀಬೇಡಾ! ಅಂಗಾರ, ನಿನ್ನ ಕಾಲು ಹಿಡೀತೇನೆ, ಕರೀಬೇಡ!" ಎಂದು ಸರ್ವೋತ್ತಮ ಗೋಗರೆದ.

"ಕಾ... ಕಾ..." ಎಂದ ರಾಮ್‌ಬಿಲಾಸ್. ಆನ್ಸೆಲ್ಮ್ ಎಂದ. ನೂರುಲ್ ಎಂದ. ಆಮೇಲೆ ಇಡೀ ಅಂಗಳವೇ ಕರೆಯಿತು.

ಒಂದು ಕಾಗೆ ಗೋಡೆಯಿಂದ ಇಳಿದು, ಕುಪ್ಪಳಿಸಿ ಹತ್ತಿರ ಬಂದು, ಸರ್ವೋತ್ತಮನ ಬೀಸುವ ಕೈಯ ಕೆಳಗಿನಿಂದಲೇ ಒಂದು ಪೊಟ್ಟಣವನ್ನು ಕಚ್ಚಿ ಮೆಸ್ಸಿನ ಮಾಡಿಗೆ ಹಾರಿತು. ತಗಡಿನ ಶೀಟಿನ ಮೇಲೆ ಸುಮಿತನ ಮುಖವನ್ನು ಕಾಲಡಿ ಹಾಕಿಕೊಂಡು ತಿನ್ನತೊಡಗಿತು. ಗೋಡೆಯ ಮೇಲಿದ್ದ ಉಳಿದವೂ ಇಳಿದವು.

ಗೇಟಿನ ಹತ್ತಿರ ವಾಚ್‌ಮನ್ ಫೋನು ಮಾಡುತ್ತಿದ್ದ, ತನ್ನ ವೀಸಾ ಹರಿಸಲು ಕಂಪನಿಗೆಂದು ಅಂಗಾರನಿಗೆ ಗೊತ್ತಿತ್ತು. ಸರ್ವೋತ್ತಮನ ಎತ್ತಿದ ಕೈ ಎತ್ತಿದಂತೆಯೇ ಇತ್ತು, ನಡುಗುತ್ತಿತ್ತು. ಅಂಗಾರ ಆ ಕೈಯನ್ನು ಕಣ್ತುಂಬ ನೋಡಿ ಮತ್ತೊಮ್ಮೆ ಕರೆದ.

"ಕಾ... ಕಾ..."